ಕಸ ತೂಗಿ ಕೆಲಸ ಹಿಡಿದದ್ದು: ನನ್ನ ಅನುಭವ

"ಮೂರು ತಿಂಗಳು. ಅಷ್ಟರಲ್ಲಿ ನೀನೇ ವಾಪಸ್ ಬರ್ತೀಯ" ಅಂದಿದ್ದರು ಮಾವ, ನಾನು ಪುರಸಭೆಯ ಕಸದ ಕೆಲಸಕ್ಕೆ ಹೊರಟಾಗ. ಏಳು ವರ್ಷ ಆಯಿತು, ಇನ್ನೂ ವಾಪಸ್ ಹೋಗಿಲ್ಲ. ಈಗ ಶಿವಮೊಗ್ಗ ಜಿಲ್ಲೆಯ ನಾಲ್ಕು ಊರುಗಳ ಕಸದ ಕೆಲಸ ನೋಡಿಕೊಳ್ಳುತ್ತೇನೆ. ಎರಡು ಪುರಸಭೆ, ಎರಡು ಪಟ್ಟಣ ಪಂಚಾಯಿತಿ. ಹುದ್ದೆ ಇವತ್ತಿಗೂ ಗುತ್ತಿಗೆಯದ್ದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪರ್ಮನೆಂಟ್ ಆಗುವ ದಾರಿ ಹುಡುಕಿ ಬಂದವರಿಗೆ ಇದರಲ್ಲಿ ಏನೂ ಇಲ್ಲ. ಆದರೆ ನನ್ನ ಜೊತೆ ಪರಿಸರ ವಿಜ್ಞಾನ ಓದಿದ ಹದಿನೆಂಟು ಜನರಲ್ಲಿ ಓದಿದ್ದಕ್ಕೆ ಸಂಬಂಧಪಟ್ಟ ಕೆಲಸದಲ್ಲಿ ಇರುವವರು ಮೂವರು. ಅವರಲ್ಲಿ ನಾನೊಬ್ಬಳು. ಮಿಕ್ಕವರಲ್ಲಿ ಬ್ಯಾಂಕು, ಬಿ.ಎಡ್., ಮೆಡಿಕಲ್ ರೆಪ್ ಎಲ್ಲ ಇದ್ದಾರೆ. ಅವರ ಸಂಬಳ ನನಗಿಂತ ಜಾಸ್ತಿ ಅನ್ನೋದು ಬೇರೆ ಮಾತು.

ಹೊಸದಾಗಿ ಓದು ಮುಗಿಸಿದ ಹುಡುಗ ಹುಡುಗಿಯರು ಫೋನ್ ಮಾಡಿ "ಅಕ್ಕಾ, ಸಸ್ಟೇನಬಿಲಿಟಿಯಲ್ಲಿ ಕೆಲಸ ಬೇಕು, ಹೇಗೆ ಬಂದ್ರಿ?" ಅಂತ ಕೇಳುತ್ತಾರೆ. ಪರಿಸರಕ್ಕೆ ಪೆಟ್ಟಾಗದ ಹಾಗೆ ಬಾಳುವುದು ಅನ್ನುವ ಅರ್ಥದ ಆ ಪದವನ್ನು ಪುರಸಭೆಯಲ್ಲಿ ಯಾರೂ ಆಡುವುದಿಲ್ಲ ಕಣ್ರಿ. ಅಲ್ಲಿ ಅದಕ್ಕೆ ಕಸ, ನೀರು, ಚರಂಡಿ, ಬೀದಿ ದೀಪ ಅಂತ ಹೆಸರು. ನಾನು ಕಸದ ಬಾಗಿಲಿನಿಂದ ಒಳಗೆ ಹೋದೆ.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೆ. ಕೊನೆಯ ಸೆಮಿಸ್ಟರ್‌ನಲ್ಲಿದ್ದಾಗ, 2016ರ ಏಪ್ರಿಲ್‌ನಲ್ಲಿ, ಘನತ್ಯಾಜ್ಯದ ಹೊಸ ನಿಯಮ ಬಂತು. ನಾವು ಪರೀಕ್ಷೆಗೆ ಓದಿಕೊಂಡಿದ್ದು 2000ದ ಹಳೆ ನಿಯಮ. ಅದನ್ನೇ ಬರೆದೆವು, ಪಾಸಾದೆವು. ಹೊರಗೆ ಬಂದ ಮೇಲೆ ಧಾರವಾಡ. ಸಪ್ತಾಪುರದ ಒಂದು ರೂಮಿನಲ್ಲಿ ನಾಲ್ಕು ಜನ. ಸರ್ಕಾರಿ ಕೆಲಸದ ಪರೀಕ್ಷೆಗೆ ಒಂದು ವರ್ಷ ಕೋಚಿಂಗು, ರೂಮು, ಊಟ, ಪುಸ್ತಕ ಎಲ್ಲ ಸೇರಿ 95 ಸಾವಿರದ ಹತ್ತಿರ ಹೋಯಿತು. ಆಗಿನ ರೇಟಿನಲ್ಲಿ ಅಪ್ಪನ ಮೂರು ಕ್ವಿಂಟಲ್ ರಾಶಿ ಅಡಿಕೆ. ನಮ್ಮದು ಇರುವುದೇ ಮುಕ್ಕಾಲು ಎಕರೆ ತೋಟ. ಮೊದಲ ಹಂತದ ಪ್ರಿಲಿಮ್ಸ್ ಕೂಡ ದಾಟಲಿಲ್ಲ.

ಅಷ್ಟೊತ್ತಿಗೆ ಇನ್ನೊಂದು ವಿಷಯವೂ ತಲೆಗೆ ಹೋಗಿತ್ತು. ಪುರಸಭೆಯ ಪರಿಸರ ಎಂಜಿನಿಯರ್ ಹುದ್ದೆಗೆ ಬಿ.ಇ. ಕೇಳುತ್ತಾರೆ. ಆರೋಗ್ಯ ನಿರೀಕ್ಷಕರ ಹುದ್ದೆಗೆ ಅದರದೇ ಡಿಪ್ಲೊಮಾ ಬೇಕು. ಎಂ.ಎಸ್ಸಿ.ಯವರು ಎರಡರ ನಡುವೆ ಅತ್ತ ಇಲ್ಲ ಇತ್ತ ಇಲ್ಲ. ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ಊರಿಗೆ ವಾಪಸ್ ಬಂದು ಐದು ಕಚೇರಿ ಸುತ್ತಿದೆ. ಸಂಬಳ ಬೇಡ, ಕಲಿಯಲು ಬಿಡಿ ಅಂದೆ. ನಾಲ್ಕು ಕಡೆ "ಟಪ್ಪಾಲಿಗೆ ಕೊಟ್ಟು ಹೋಗಿ" ಅಂದರು. ಐದನೆಯ ಕಡೆ, ಒಂದು ಪುರಸಭೆಯಲ್ಲಿ, ಕೂರಿಸಿಕೊಂಡರು. ಮೂರು ವಾರ ಕೂತಿದ್ದೆ. ನನ್ನನ್ನು ಏನು ಮಾಡಬೇಕು ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜನನ ಪ್ರಮಾಣಪತ್ರದ ಅರ್ಜಿ ಜೋಡಿಸಿದೆ, ಟೀ ಕುಡಿದೆ, ಹಳೆ ಫೈಲು ಓದಿದೆ.

ಆ ಫೈಲು ಓದಿದ್ದೇ ಲಾಭ ಆಯಿತು. ಕಸದ ಯಾವ ಕಡತ ತೆಗೆದರೂ ಒಂದೇ ಅಂಕಿ: ದಿನಕ್ಕೆ 12 ಟನ್. 2012ರ ಕಡತದಲ್ಲಿ 12, 2015ರಲ್ಲಿ 12, 2017ರಲ್ಲೂ 12. ಇದು ಎಲ್ಲಿಂದ ಬಂತು ಅಂತ ಲೆಕ್ಕ ಹಾಕಿದೆ. ಊರಿನ ಜನಸಂಖ್ಯೆ ಸುಮಾರು 30 ಸಾವಿರ. ತಲೆಗೆ 400 ಗ್ರಾಂ ಅಂತ ಗುಣಿಸಿದ್ದಾರೆ. ಅಷ್ಟೇ. ಯಾರೂ ಒಂದು ದಿನವೂ ಕಸ ತೂಗಿರಲಿಲ್ಲ.

ತೂಗಿ ನೋಡೋಣ ಅನ್ನಿಸಿತು. ಮನೆಯಲ್ಲಿ ಹೇಳಿದೆ. ಅಮ್ಮ ಮಾತಾಡಲಿಲ್ಲ. ಮಾವ, ಅವರು ಹೈಸ್ಕೂಲ್ ಮೇಷ್ಟ್ರು, "ಓದಿದ್ದು ಎಂಎಸ್ಸಿ, ತೂಗೋದು ಕಸ. ಗಂಡಿನ ಕಡೆಯವರು ಕೇಳಿದ್ರೆ ಏನಂತ ಹೇಳೋದು?" ಅಂದರು. ಅಪ್ಪ ಮಾತ್ರ ಮಾರನೆಯ ದಿನ ಅಡಿಕೆ ಮಂಡಿಯಿಂದ 150 ಕೆಜಿಯ ಎಲೆಕ್ಟ್ರಾನಿಕ್ ತಕ್ಕಡಿ ಬಾಡಿಗೆಗೆ ಮಾತಾಡಿಕೊಂಡು ಬಂದರು. ದಿನಕ್ಕೆ ನೂರು ರೂಪಾಯಿ. "ಕಸದ ವಾಸನೆ ಉಳಿದ್ರೆ ನಾನೇ ತೊಳೆದು ಕೊಡ್ತೀನಿ ಅಂದಿದ್ದೀನಿ" ಅಂದರು.

ಮೊದಲ ಸಲ ಎಡವಟ್ಟಾಯಿತು. ಐದು ಆಟೋ ಟಿಪ್ಪರ್, ಒಂದು ಟ್ರ್ಯಾಕ್ಟರ್ ಇದ್ದವು. ಪ್ರತಿ ಗಾಡಿಯನ್ನೂ ಒಂದೊಂದು ಸಲ ರೈಸ್ ಮಿಲ್ ಹತ್ತಿರದ ವೇ ಬ್ರಿಡ್ಜ್‌ನಲ್ಲಿ ತೂಗಿಸಿ, ಅದನ್ನು ಟ್ರಿಪ್ಪಿನ ಲೆಕ್ಕಕ್ಕೆ ಗುಣಿಸಿದೆ. 9 ಟನ್ ಬಂತು. ನಾನೂ ಗುಣಾಕಾರವನ್ನೇ ಮಾಡಿದ್ದೆ, ಅಲ್ವಾ? ಬೆಳಿಗ್ಗೆಯ ಟ್ರಿಪ್ಪು ತುಂಬಿ ಬರುತ್ತದೆ, ಮಧ್ಯಾಹ್ನದ್ದು ಅರ್ಧ ಖಾಲಿ. ಜೊತೆಗೆ ಒಬ್ಬ ಡ್ರೈವರಣ್ಣ ಖಾಲಿ ಗಾಡಿ ತೂಗಿಸುವಾಗ ಹಿಂದೆ ನೀರಿನ ಡ್ರಮ್ ಇಟ್ಟುಕೊಂಡಿದ್ದ. ಬೇಕಂತಲೇ ಅಲ್ಲ, ಗಾಡಿ ತೊಳೆಯಲು. ಆ ಗಾಡಿಯಲ್ಲಿ ಪ್ರತಿ ಟ್ರಿಪ್ಪಿಗೂ ನೂರಾರು ಕೆಜಿ ವ್ಯತ್ಯಾಸ.

ಎರಡನೆಯ ಸಲ ಪ್ರತಿ ಟ್ರಿಪ್ಪೂ ತೂಗಿಸಲು ಶುರು ಮಾಡಿದೆ. ಮೂರನೆಯ ದಿನ ಅಕಾಲ ಮಳೆ. ನೆಂದ ಕಸದ ತೂಕ ಯಾರಿಗೆ ಬೇಕು? ಬಿಟ್ಟೆ. ಮೂರನೆಯ ಸಲ ಸಂತೆ ದಿನದಿಂದ ಮುಂದಿನ ಸಂತೆ ದಿನದವರೆಗೆ, ಎಂಟು ದಿನ, ಒಂದು ಟ್ರಿಪ್ಪೂ ಬಿಡದೆ ತೂಗಿಸಿದೆ. ಜೊತೆಗೆ ಮೂರು ವಾರ್ಡಿನ ಅರವತ್ತು ಮನೆಗೆ ಚೀಲ ಕೊಟ್ಟು, ದಿನಾ ಬೆಳಿಗ್ಗೆ ಚೀಲ ಬಿಚ್ಚಿ ಹಸಿ, ಒಣ, ಡೈಪರ್-ಪ್ಯಾಡು, ಮಣ್ಣು ಬೇರೆ ಮಾಡಿ ತೂಗಿದೆ. ವೇ ಬ್ರಿಡ್ಜ್‌ಗೆ ಟ್ರಿಪ್ಪಿಗೆ 40 ರೂಪಾಯಿ, ತಕ್ಕಡಿ ಬಾಡಿಗೆ, ಚೀಲ, ಕೈಗವಸು, ಡ್ರೈವರ್‌ಗಳಿಗೆ ಟೀ-ಬನ್ನು. ಮೂರು ಸಲದ್ದೂ ಸೇರಿ 9 ಸಾವಿರ ಚಿಲ್ಲರೆ. ಧಾರವಾಡದಲ್ಲಿ ಕಳೆದ ದುಡ್ಡಿನ ಹತ್ತನೇ ಒಂದು ಭಾಗ.

ಸರಾಸರಿ ಏಳೂವರೆ ಟನ್ ಬಂತು. ಸಂತೆ ದಿನ ಹತ್ತರ ಹತ್ತಿರ, ಭಾನುವಾರ ಆರಕ್ಕೂ ಕಮ್ಮಿ. ತಲೆಗೆ 250 ಗ್ರಾಂ. ನೂರು ಕೆಜಿಯಲ್ಲಿ 58 ಹಸಿ, 27 ಒಣ, ಮಿಕ್ಕಿದ್ದು ಡೈಪರು, ಮಣ್ಣು, ಚರಂಡಿ ಹೂಳು.

ಎರಡು ಪುಟದಲ್ಲಿ ಬರೆದು ಮುಖ್ಯಾಧಿಕಾರಿಗಳಿಗೆ ಕೊಟ್ಟೆ. ನೋಡಿದರು, "ಚೆನ್ನಾಗಿದೆಯಮ್ಮ" ಅಂದು ಪಕ್ಕಕ್ಕಿಟ್ಟರು. ಕಚೇರಿಯಲ್ಲಿ ಕೆಲವರ ಮುಖ ಸಣ್ಣದಾಯಿತು. 12 ಟನ್ ಅಂದರೆ ಅಷ್ಟು ಟ್ರಿಪ್ಪು, ಅಷ್ಟು ಡೀಸೆಲ್. ಏಳೂವರೆ ಅಂದರೆ ಮಿಕ್ಕ ಡೀಸೆಲ್ ಎಲ್ಲಿ ಹೋಯಿತು ಅಂತ ಯಾರಾದರೂ ಕೇಳಬಹುದು. ನಾನು ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ. ಕೇಳಿದ್ದರೆ ಮಾವ ಹೇಳಿದ ಮೂರು ತಿಂಗಳೂ ಇರುತ್ತಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಮತ್ತೆ ಧಾರವಾಡದ ಬಸ್ಸು ಹತ್ತುತ್ತಿದ್ದೆನೇನೋ. 2018ರಲ್ಲಿ ಸ್ವಚ್ಛ ಸರ್ವೇಕ್ಷಣ, ಅಂದರೆ ಊರುಗಳ ಸ್ವಚ್ಛತೆಗೆ ಅಂಕ ಕೊಡುವ ಕೇಂದ್ರ ಸರ್ಕಾರದ ಸಮೀಕ್ಷೆ, ಚಿಕ್ಕ ಊರಿಗೂ ಬಂತು. 2016ರಲ್ಲಿ ಮೊದಲ ಸಲ ಆದಾಗ ಬರೀ 73 ನಗರ, ಮೈಸೂರು ಮೊದಲ ಸ್ಥಾನ ಅಂತ ಪೇಪರಿನಲ್ಲಿ ಓದಿದ್ದೆವು. ಈಗ ದೇಶದ ನಾಲ್ಕು ಸಾವಿರಕ್ಕೂ ಜಾಸ್ತಿ ಊರು. ಎಲ್ಲರಿಗೂ ದಾಖಲೆ ಬೇಕು. ಎಷ್ಟು ಕಸ, ಎಷ್ಟು ಹಸಿ, ಎಷ್ಟು ಒಣ, ರಿಜಿಸ್ಟರ್ ತೋರಿಸಿ. ಪುರಸಭೆಯಲ್ಲಿ ರಿಜಿಸ್ಟರ್ ಇರಲಿಲ್ಲ. ನನ್ನ ಹತ್ತಿರ ಇತ್ತು. 60 ರೂಪಾಯಿಯ ಉದ್ದ ರಿಜಿಸ್ಟರ್, ಟೀ ಕಲೆ ಸಮೇತ.

ಫೋನ್ ಬಂತು. ಹೋದೆ. ಕಚೇರಿಯಲ್ಲಿ ಒಬ್ಬರು "ಇದೇ ತರ ಒಂದು ವರ್ಷದ್ದು ಬರೆದುಕೊಡು" ಅಂದರು. ಹಳೇ ತಾರೀಖು ಹಾಕಿ, ಅಂತ. ಆಗಲ್ಲ ಸಾರ್, ಎಂಟು ದಿನದ್ದು ಮಾತ್ರ ಇದೆ, ಇವತ್ತಿನಿಂದ ದಿನಾ ಬರೀತೀನಿ ಅಂದೆ. ಎದೆ ಢವಢವ ಅನ್ನುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಮುಖ್ಯಾಧಿಕಾರಿಗಳು ಒಳಗಿನಿಂದ ಕೇಳಿಸಿಕೊಂಡು "ಬಿಡ್ರೀ, ಇರೋದನ್ನೇ ಹಾಕಿ" ಅಂದರು. ಅಲ್ಲಿಂದ ನನ್ನ ಕೆಲಸ ಶುರು.

ಕೆಲಸ ಅಂದರೆ ಹೊರಗುತ್ತಿಗೆ ಏಜೆನ್ಸಿಯ ಮೂಲಕ ಡೇಟಾ ಎಂಟ್ರಿ ಆಪರೇಟರ್. ಪಿಎಫ್, ಇಎಸ್‌ಐ ಕಳೆದು ಕೈಗೆ 6,800. ಮೊದಲ ಸಂಬಳ ಬಂದದ್ದು ನಾಲ್ಕು ತಿಂಗಳ ಮೇಲೆ. ಅಲ್ಲಿಯವರೆಗೆ ಬಸ್ ಚಾರ್ಜನ್ನು ಅಮ್ಮ ಕೊಟ್ಟರು. ಹಾಲಿನ ಡೇರಿ ದುಡ್ಡು. ಈ ಭಾಗವನ್ನು ಕೇಳಿದ ಕೂಡಲೇ ಎಷ್ಟೋ ಹುಡುಗರು ಫೋನ್ ಇಟ್ಟುಬಿಡುತ್ತಾರೆ.

ಡೇಟಾ ಎಂಟ್ರಿ ಅಂತ ಹೆಸರು, ಬೆಳಿಗ್ಗೆ ಆರಕ್ಕೆ ನಾನಿರುತ್ತಿದ್ದದ್ದು ಹಾಜರಿ ಕಟ್ಟೆಯ ಹತ್ತಿರ. ಪೌರಕಾರ್ಮಿಕರು ಅಲ್ಲಿ ಸೇರುತ್ತಾರೆ. ನಮ್ಮ ಓದಿನಲ್ಲಿ ಇಲ್ಲದ್ದನ್ನು ನಾನು ಕಲಿತದ್ದು ಅಲ್ಲೇ, ಒಬ್ಬ ದಫೇದಾರ್ (ಪೌರಕಾರ್ಮಿಕರ ಮೇಸ್ತ್ರಿ) ಅಕ್ಕನಿಂದ. ಇಪ್ಪತ್ತೈದು ವರ್ಷ ಸರ್ವಿಸ್. ಯಾವ ಮನೆಯಲ್ಲಿ ಯಾವತ್ತು ಎಷ್ಟು ಕಸ ಬರುತ್ತದೆ ಅಂತ ಬಾಯಿಪಾಠ. ಮೊದಲ ತಿಂಗಳು ನನ್ನನ್ನು "ಮೇಡಂ" ಅಂದರು. ನಾನು ಚೀಲ ಬಿಚ್ಚುವುದನ್ನು ನೋಡಿದ ಮೇಲೆ "ಬಾ ಮಗಾ" ಅಂದರು. ನನ್ನ ಪಾಲಿಗೆ ಅದೇ ನೇಮಕಾತಿ ಆದೇಶ.

ಮುಂದಿನ ಕೆಲಸ ಹಸಿ-ಒಣ ಬೇರೆ ಮಾಡಿಸುವುದು. ಇಲ್ಲಿ ನಾನು ಪೂರ್ತಿ ತಪ್ಪು ದಾರಿ ಹಿಡಿದೆ. ಶಾಲೆ ಮಕ್ಕಳ ಜಾಥಾ, ಕರಪತ್ರ, ಆಟೋದಲ್ಲಿ ಮೈಕು. 18 ಸಾವಿರ ಖರ್ಚು. ಮಾರನೆಯ ದಿನ ಕಸದಲ್ಲಿ ಸಿಕ್ಕಿದ್ದು ಕರಪತ್ರ. ಆಮೇಲೆ ಕಸ ಎಸೆಯುವ ಮೂಲೆಗಳಲ್ಲಿ ದೇವರ ಚಿತ್ರದ ಟೈಲ್ಸ್ ಹಾಕಿಸಿದೆವು. ಹದಿನೈದು ದಿನ ಆ ಜಾಗ ಕ್ಲೀನ್. ಕಸ ಇಪ್ಪತ್ತು ಅಡಿ ಆಚೆಗೆ ಹೋಯಿತು, ಅಷ್ಟೇ. ದೇವರು ನಡುವೆ ಸಿಕ್ಕಿಕೊಂಡರು.

ದಫೇದಾರ್ ಅಕ್ಕ ಹೇಳಿದ್ದು ಒಂದೇ ಮಾತು: "ಊರಿಗೆಲ್ಲ ಒಂದೇ ಸಲ ಹೇಳ್ಬೇಡ. ಒಂದು ಬೀದಿ ಹಿಡಿ." ಹಿಡಿದೆವು. ಒಂದು ವಾರ್ಡು, 340 ಮನೆ. ಐದು ವಾರ ಬೇರೆ ವಾರ್ಡಿನ ಕಡೆ ತಲೆ ಹಾಕಲಿಲ್ಲ. ಮಿಕ್ಸ್ ಕಸ ಕೊಟ್ಟರೆ ಗಾಡಿಗೆ ಹಾಕಿಕೊಳ್ಳುತ್ತಿರಲಿಲ್ಲ. ಬೈಸಿಕೊಂಡೆವು. ಕೌನ್ಸಿಲರ್ ಸಾಹೇಬರಿಗೆ ದೂರು ಹೋಯಿತು. ಅವರ ಮನೆ ಕಸವನ್ನೇ ವಾಪಸ್ ಕೊಟ್ಟಿದ್ದೆವು ಅನ್ನುವುದು ಆಮೇಲೆ ಗೊತ್ತಾಯಿತು. ಒಂದು ವಾರ ನಾನು ಕಚೇರಿ ಕಡೆ ತಲೆ ಹಾಕಲಿಲ್ಲ. ಆದರೆ ಅವರ ಮನೆಯ ಅಮ್ಮನವರು ಎರಡು ಬಕೆಟ್ ಇಟ್ಟ ಮೇಲೆ ಆ ಬೀದಿಯೇ ಬದಲಾಯಿತು. ನೂರಕ್ಕೆ ಹತ್ತು ಮನೆ ಇದ್ದದ್ದು ಎಪ್ಪತ್ತಕ್ಕೆ ಬಂತು. ಕೌನ್ಸಿಲರ್ ಮನೆಯಲ್ಲಿ ನಾನು ಏನು ಮಾತಾಡಿ ಒಪ್ಪಿಸಿದೆ ಅನ್ನುವುದನ್ನು ಬರೆಯುವುದಿಲ್ಲ. ಅದೇ ಮಾತು ಇನ್ನೂ ಎರಡು ಊರಿನಲ್ಲಿ ಬೇಕಾಗಿದೆ.

ನಿಜವಾದ ಬದಲಾವಣೆ ತಂದದ್ದು ಮಾತ್ರ ದುಡ್ಡು. ಒಣ ಕಸವನ್ನು ಮೊದಲೆಲ್ಲ ಗಾಡಿಯವರೇ ದಾರಿಯಲ್ಲಿ ಗುಜರಿಗೆ ಹಾಕುತ್ತಿದ್ದರು. ರಟ್ಟು ಕೆಜಿಗೆ ಎಂಟು-ಹತ್ತು ರೂಪಾಯಿ, ನೀರಿನ ಬಾಟಲಿ ಇಪ್ಪತ್ತರ ಮೇಲೆ, ಹಾಲಿನ ಕವರು ಹನ್ನೆರಡರ ಆಸುಪಾಸು. ಅದನ್ನು ನಿಲ್ಲಿಸಿ ಪುರಸಭೆಗೆ ಜಮೆ ಮಾಡಿಸಲು ಹೋದೆ. ಮಾರನೆಯ ದಿನದಿಂದ ಒಣ ಕಸವೇ ಬರಲಿಲ್ಲ! ಎಲ್ಲ ಮಿಕ್ಸ್. ಬುದ್ಧಿ ಬಂತು. ಅವರ ಕೈಯಿಂದ ಕಿತ್ತುಕೊಂಡು ಅವರಿಂದಲೇ ಕೆಲಸ ಮಾಡಿಸಲು ಆಗುತ್ತದಾ? ಗಾಡಿಯವರ ಮನೆಯ ಹೆಂಗಸರೇ ಇದ್ದ ಒಂದು ಸ್ವಸಹಾಯ ಸಂಘಕ್ಕೆ ಒಣ ಕಸದ ಘಟಕ ವಹಿಸಿದೆವು. ಸಾಮಾನ್ಯ ಸಭೆಯಲ್ಲಿ ಠರಾವು ಆಯಿತು. ಲೆಕ್ಕ ವಿಭಾಗದವರು ಏಳು ಆಕ್ಷೇಪಣೆ ಬರೆದರು, ಏಳಕ್ಕೂ ಉತ್ತರ ಬರೆದೆ. ಫೈಲು ಹನ್ನೊಂದು ದಿನದಲ್ಲಿ ಹೊರಗೆ ಬಂತು. ಪುರಸಭೆಯ ಫೈಲು ಗೊತ್ತಿರುವವರಿಗೆ ಹನ್ನೊಂದು ದಿನ ಅಂದರೆ ಏನು ಅಂತ ಅರ್ಥವಾಗುತ್ತದೆ. ಹೇಗೆ ಅಂತ ಕೇಳಬೇಡಿ, ಲಂಚ ಅಂತೂ ಅಲ್ಲ.

ಆ ಸಂಘಕ್ಕೆ ಈಗ ತಿಂಗಳಿಗೆ 45ರಿಂದ 60 ಸಾವಿರದವರೆಗೆ ವ್ಯಾಪಾರ. ಏಳು ಜನ ಹಂಚಿಕೊಳ್ಳುತ್ತಾರೆ. ಚಿಪ್ಸ್ ಪ್ಯಾಕೆಟ್ಟು, ಗುಟ್ಕಾ ಚೀಟಿಗೆ ಬೆಲೆ ಇಲ್ಲ. ಉರಿಸಲು ಸಿಮೆಂಟ್ ಕಾರ್ಖಾನೆಗೆ ಕಳಿಸಬೇಕು, ಆ ಕಾರ್ಖಾನೆಗಳು ಇರುವುದು ಕಲಬುರಗಿ ಕಡೆ. ಲಾರಿ ಬಾಡಿಗೆ ನೋಡಿದರೆ ಕಣ್ಣು ಕತ್ತಲೆ ಬರುತ್ತದೆ. ಒತ್ತಿ ಬೇಲ್ ಕಟ್ಟಿ ಕೂಡಿಡುತ್ತೇವೆ, ಒಂದು ಲೋಡು ಆಗಲು ತಿಂಗಳುಗಟ್ಟಲೆ ಬೇಕು.

ಈಗ ಗೊಬ್ಬರದ ವಿಷಯಕ್ಕೆ ಬರುತ್ತೇನೆ. ನನ್ನ ಮಾನ ಹೋದದ್ದೂ ಅದರಿಂದಲೇ, ಬಂದದ್ದೂ ಅದರಿಂದಲೇ.

2019ರ ಜೂನ್. ಊರಾಚೆ ಶೆಡ್ ಇತ್ತು. ಮೇಲೆ ತಗಡು, ಸುತ್ತ ಗೋಡೆ ಇಲ್ಲ. ಪುಸ್ತಕದಲ್ಲಿ ಇದ್ದ ಹಾಗೆ ವಿಂಡ್ರೋ, ಅಂದರೆ ಗೊಬ್ಬರ ಆಗಲು ಹಸಿ ಕಸದ ಉದ್ದುದ್ದ ರಾಶಿ, ಹಾಕಿಸಿದೆ. ಪುಸ್ತಕ ಬರೆದವರು ಮಲೆನಾಡಿನ ಮಳೆ ನೋಡಿರಲಿಲ್ಲ. ಇರಚಲು ಒಳಗೆ ಹೊಡೆಯಿತು. ಮೂರು ವಾರದಲ್ಲಿ ರಾಶಿ ಅನ್ನುವುದು ಗಂಜಿಯಾಯಿತು. ಹುಳ, ನೊಣ, ನಾತ. ಕರಿ ನೀರು ಪಕ್ಕದ ಗದ್ದೆಗೆ ಇಳಿಯಿತು. ಹತ್ತಿರದ ಹಳ್ಳಿಯವರು ಗೇಟಿಗೆ ಬೀಗ ಹಾಕಿದರು, ಎರಡು ದಿನ ಗಾಡಿ ಬಿಡಲಿಲ್ಲ. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಜೆಸಿಬಿ ತರಿಸಿ ಎಲ್ಲ ಮಣ್ಣು ಮುಚ್ಚಿದೆವು. ಜೆಸಿಬಿ ಬಾಡಿಗೆ, ಸುಣ್ಣ, ಬ್ಲೀಚಿಂಗು ಸೇರಿ 40 ಸಾವಿರ ದಾಟಿತು. "ಮೇಡಂ ಗೊಬ್ಬರ ಮಾಡ್ತಾರಂತೆ" ಅಂತ ಕಚೇರಿಯಲ್ಲಿ ಒಂದು ತಿಂಗಳು ನಗು.

ಬೇಕಾಗಿದ್ದದ್ದು ತೇವ ಹೀರುವ ಒಣ ಪದಾರ್ಥ. ದರಕು (ಉದುರಿದ ಎಲೆ) ತರಿಸೋಣ ಅಂದರೆ ಮಳೆಗಾಲದಲ್ಲಿ ಒಣ ದರಕು ಎಲ್ಲಿಂದ ತರೋದು? ತೆಂಗಿನ ನಾರಿನ ಪುಡಿ ತರಿಸಿದರೆ ಲಾರಿ ಬಾಡಿಗೆಯೇ ಜಾಸ್ತಿ. ನಮ್ಮ ಕಡೆ ದಂಡಿಯಾಗಿ ಬಿದ್ದಿರುವುದು ಅಡಿಕೆ ಸಿಪ್ಪೆ. ಸುಲಿದ ಮೇಲೆ ರಸ್ತೆ ಬದಿಗೆ ಸುರಿಯುತ್ತಾರೆ, ಬೆಂಕಿ ಹಾಕುತ್ತಾರೆ, ಅದು ವಾರಗಟ್ಟಲೆ ಹೊಗೆಯಾಡುತ್ತದೆ. "ಅಡಿಕೆ ಸಿಪ್ಪೆ ಕರಗೋದಿಲ್ಲ, ಹುಚ್ಚೇನು?" ಅಂತ ಬೆಳೆಗಾರರೇ ಹೇಳಿದರು. ಅಪ್ಪನೂ ಹೇಳಿದರು.

ಆದರೂ ಹಸಿ ಕಸಕ್ಕೆ ಬೆರೆಸಿ ನೋಡಿದೆ. ಅವರು ಹೇಳಿದ್ದು ಸರಿ. ಕರಗಲಿಲ್ಲ. 45 ದಿನ ಆದ ಮೇಲೆ ಜರಡಿ ಹಿಡಿದರೆ ಹತ್ತಿರ ಹತ್ತಿರ ಅರ್ಧದಷ್ಟು ಸಿಪ್ಪೆ ಹಾಗೇ ಉಳಿಯಿತು. ಮೊದಲು ತಲೆ ಮೇಲೆ ಕೈ ಹೊತ್ತು ಕೂತೆ. ಆಮೇಲೆ ಗಮನಿಸಿದೆ. ರಾಶಿ ವಾಸನೆ ಬರಲಿಲ್ಲ. ನೀರು ಇಳಿಯಲಿಲ್ಲ. ಒಳಗೆ 60 ಡಿಗ್ರಿ ಬಿಸಿ. ಸಿಪ್ಪೆ ಕರಗುವುದು ನನಗೆ ಬೇಕಾಗಿಯೇ ಇರಲಿಲ್ಲ! ಗಾಳಿ ಆಡಲು ಸಂದಿ ಬೇಕಿತ್ತು, ಅದನ್ನು ಅದು ಕೊಟ್ಟಿತ್ತು. ಜರಡಿಯಲ್ಲಿ ಉಳಿದ ಸಿಪ್ಪೆಯನ್ನೇ ಹೊಸ ರಾಶಿಗೆ ಹಾಕಿದೆ. ಎರಡನೆಯ ರಾಶಿ ಮೊದಲನೆಯದಕ್ಕಿಂತ ಬೇಗ ಕಾವು ಹಿಡಿಯಿತು. ಹೆಪ್ಪು ಹಾಕಿದ ಹಾಗೆ. ಒಂದೇ ಸಿಪ್ಪೆ ನಾಲ್ಕು-ಐದು ಸಲ ತಿರುಗುತ್ತದೆ, ಆಮೇಲೆ ತಾನೇ ಪುಡಿಯಾಗುತ್ತದೆ. ಸಿಪ್ಪೆಗೂ ಕಸಕ್ಕೂ ಅಳತೆ ಎಷ್ಟು, ಯಾವ ದಿನ ಮಗುಚಬೇಕು ಅನ್ನುವುದನ್ನು ಇಲ್ಲಿ ಬಿಡುತ್ತೇನೆ. ಶೆಡ್ಡಿಗೆ ಬಂದವರಿಗೆ ತೋರಿಸುತ್ತೇನೆ. ಇರಚಲಿಗೆ ಮಾತ್ರ ಟಾರ್ಪಾಲು ಬೇಕೇ ಬೇಕು, ವರ್ಷಕ್ಕೆ ಎರಡು ಹರಿಯುತ್ತವೆ.

ಥರ್ಮಾಮೀಟರ್‌ಗೆ 1,200 ರೂಪಾಯಿ ಕೊಟ್ಟಿದ್ದೆ. ಎರಡನೆಯ ತಿಂಗಳು ಮುರಿಯಿತು. ಈಗ ಕಬ್ಬಿಣದ ಸರಳು ಚುಚ್ಚಿ ಐದು ನಿಮಿಷ ಬಿಟ್ಟು ತೆಗೆದು ಮುಟ್ಟುತ್ತೇವೆ. ಕೈ ಹಿಡಿಯಲು ಆಗದಿದ್ದರೆ ರಾಶಿ ಸರಿ ಇದೆ.

ಲ್ಯಾಬಿಗೆ ಕಳಿಸಿದ ಮೊದಲ ಸ್ಯಾಂಪಲ್ ಫೇಲ್. ತೇವ ನೂರಕ್ಕೆ 30ರ ಮೇಲೆ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ 15ರಿಂದ 25 ಇರಬೇಕು. ಗಾಜಿನ ಚೂರೂ ಸಿಕ್ಕಿತ್ತು, ಅದು ಇನ್ನೂ ನಾಚಿಕೆ. ಒಂದು ವಾರ ನೆರಳಲ್ಲಿ ಹರಡಿ ಒಣಗಿಸಿ, 4 ಮಿ.ಮೀ. ಜರಡಿ ಹಿಡಿದು ಮತ್ತೆ ಕಳಿಸಿದೆ. ಪಾಸ್. ಸೀಸ, ಕ್ಯಾಡ್ಮಿಯಂ ಎಲ್ಲ ಮಿತಿಯೊಳಗೆ. ಆ ರಿಪೋರ್ಟನ್ನು ಲ್ಯಾಮಿನೇಟ್ ಮಾಡಿಸಿ ಶೆಡ್ಡಿನಲ್ಲಿ ನೇತು ಹಾಕಿದ್ದೇನೆ. ಡಿಗ್ರಿ ಸರ್ಟಿಫಿಕೇಟು ಮನೆಯ ಬೀರುವಿನಲ್ಲಿದೆ.

ಮಾರಾಟ? ಕೆಜಿಗೆ 2 ರೂಪಾಯಿಗೆ ಶುರು ಮಾಡಿದೆ, ಯಾರೂ ಮೂಸಲಿಲ್ಲ. ಕುರಿಗೊಬ್ಬರಕ್ಕೆ ಲೋಡಿಗೆ ಇಷ್ಟು ಅಂತ ಸಾವಿರಾರು ಸುರಿಯುವ ತೋಟದವರು "ಊರ ಕಸ ತೋಟಕ್ಕೆ ಹಾಕೋದಾ?" ಅಂದರು. ಅಪ್ಪನ ತೋಟದಲ್ಲಿ ಅರ್ಧ ಭಾಗಕ್ಕೆ ಹಾಕಿದೆ, ಅರ್ಧಕ್ಕೆ ಇಲ್ಲ. ಎರಡನೆಯ ವರ್ಷ ಪಕ್ಕದ ತೋಟದವರು ತಾವೇ ಬಂದು ಕೇಳಿದರು. ಈಗ 4 ರೂಪಾಯಿ, ಮುಂಗಡ ಬುಕಿಂಗು. ತಿಂಗಳಿಗೆ ಎಂಟು-ಹತ್ತು ಟನ್ ಬರುತ್ತದೆ. ಅಂದರೆ 35 ಸಾವಿರದ ಆಸುಪಾಸು. ಶೆಡ್ಡಿನ ಕೂಲಿಯೇ ಅದಕ್ಕಿಂತ ಜಾಸ್ತಿ. ಕಸದಿಂದ ಲಾಭ ಅಂತ ಭಾಷಣ ಮಾಡುವವರು ಬಂದರೆ ನಾನು ಕೂಲಿ ಬಿಲ್ಲು ತೋರಿಸುತ್ತೇನೆ. ಆದರೆ ಮೊದಲು ಪೂರ್ತಿ ಖರ್ಚು ಇತ್ತು, ಈಗ ಅರ್ಧಕ್ಕಿಂತ ಜಾಸ್ತಿ ವಾಪಸ್ ಬರುತ್ತದೆ.

ನಡುವೆ ಎಷ್ಟೋ ಹುಚ್ಚಾಟ ಮಾಡಿದ್ದೇನೆ. ಕೋಳಿ ಅಂಗಡಿ ತ್ಯಾಜ್ಯಕ್ಕೆ ಕಪ್ಪು ಸೈನಿಕ ನೊಣದ ಹುಳ ಸಾಕಿದೆ. ಡಬ್ಬಿಯಲ್ಲಿ ಹುಳ ಚೆನ್ನಾಗಿ ತಿಂದವು, ಮೀನು ಸಾಕುವವರೊಬ್ಬರು ಕೊಳ್ಳುತ್ತೇನೆ ಅಂದರು. ಒಂದು ರಾತ್ರಿ ಇರುವೆ ಮುತ್ತಿ ಎಲ್ಲ ಖಾಲಿ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ತಟ್ಟೆಯಲ್ಲಿಟ್ಟು ಮತ್ತೆ ಮಾಡಿದೆ. ಚಳಿಗಾಲದಲ್ಲಿ ಮೊಟ್ಟೆ ಇಡುವುದೇ ನಿಂತಿತು. ಎಂಟು ಸಾವಿರ ಹೋಯಿತು, ಕೈಬಿಟ್ಟೆ. ಆದರೆ ಡಬ್ಬಿಗಳು ಇನ್ನೂ ಇವೆ, ಆಸೆ ಬಿಟ್ಟಿಲ್ಲ.

ಇನ್ನೊಂದು, ತಟ್ಟೆ ಬ್ಯಾಂಕ್. ಜಾತ್ರೆಯ ಅನ್ನಸಂತರ್ಪಣೆಗೆ ಪ್ಲಾಸ್ಟಿಕ್ ಲೋಟ ಬೇಡ ಅಂತ ಸ್ಟೀಲ್ ತಟ್ಟೆ-ಲೋಟ ಎರಡು ಸಾವಿರ ಸೆಟ್ಟು ದಾನಿಗಳಿಂದ ಮಾಡಿಸಿದೆವು. ಮೊದಲ ಜಾತ್ರೆಯಲ್ಲಿ ಮುನ್ನೂರು ಲೋಟ ಮಾಯ. ತಟ್ಟೆ ಮಾತ್ರ ಒಂದೂ ಕಳೆಯಲಿಲ್ಲ, ಯಾಕೋ ಗೊತ್ತಿಲ್ಲ. ಲೋಟಕ್ಕೆ ಪುರಸಭೆ ಹೆಸರು ಕೆತ್ತಿಸಿದ ಮೇಲೆ ಕಳೆಯುವುದು ಕಮ್ಮಿಯಾಯಿತು. 2022ರ ಜುಲೈನಲ್ಲಿ ಒಂದು ಸಲ ಬಳಸುವ ಪ್ಲಾಸ್ಟಿಕ್ ನಿಷೇಧ ದೇಶಕ್ಕೆಲ್ಲ ಬಂದಾಗ ಕಲ್ಯಾಣ ಮಂಟಪದವರೂ ಬಾಡಿಗೆಗೆ ಕೇಳಲು ಶುರು ಮಾಡಿದರು. ಈಗ ಮದುವೆ ಸೀಸನ್ನಿನಲ್ಲಿ ಸೆಟ್ಟುಗಳು ಸಾಲುವುದಿಲ್ಲ.

ನನ್ನ ಸಂಬಳದ ಲೆಕ್ಕ ಕೇಳುವವರಿಗೆ: 2018ರಲ್ಲಿ 6,800. ಮಾರನೆಯ ವರ್ಷ 9,500. ಕೊರೊನಾ ಹೊತ್ತಿನಲ್ಲಿ ಕ್ವಾರಂಟೈನ್ ಮನೆಗಳ ಕಸ ಬೇರೆ ಗಾಡಿಯಲ್ಲಿ ತೆಗೆಸುವ ಕೆಲಸ ನನಗೇ ಬಿತ್ತು. ಆಗಲೂ ಅದೇ ಸಂಬಳ, ಜೊತೆಗೆ ಒಂದು ಪ್ರಶಂಸಾ ಪತ್ರ. 2022ರಲ್ಲಿ ಜಿಲ್ಲಾ ಮಟ್ಟದಲ್ಲಿ ಗುತ್ತಿಗೆ ತಜ್ಞರನ್ನು ತೆಗೆದುಕೊಂಡಾಗ ಸಂದರ್ಶನಕ್ಕೆ ಹೋದೆ. ನನಗಿಂತ ಜಾಸ್ತಿ ಮಾರ್ಕ್ಸ್ ಇದ್ದವರು, ಎಂ.ಟೆಕ್. ಮಾಡಿದವರು ಹೊರಗೆ ಕೂತಿದ್ದರು. "ನಿಮ್ಮ ಊರಲ್ಲಿ ದಿನಕ್ಕೆ ಎಷ್ಟು ಕಸ?" ಅಂತ ಕೇಳಿದರು. "ಯಾವ ದಿನ ಸಾರ್? ಸಂತೆ ದಿನವಾ, ಭಾನುವಾರವಾ?" ಅಂದೆ. ಕೇಳಿದವರು ಪೆನ್ನು ಕೆಳಗಿಟ್ಟರು. ರಿಜಿಸ್ಟರ್ ಚೀಲದಲ್ಲೇ ಇತ್ತು, ತೆಗೆದು ಮೇಜಿನ ಮೇಲಿಟ್ಟೆ. 28 ಸಾವಿರಕ್ಕೆ ಸೇರಿದೆ, ಈಗ 36ರ ಹತ್ತಿರ. ಪ್ರತಿ ಮಾರ್ಚ್ ಬಂದರೆ ಗುತ್ತಿಗೆ ಮುಂದುವರಿಕೆಯ ಫೈಲಿನ ಹಿಂದೆ ಓಡಾಟ ಇದ್ದೇ ಇದೆ. ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಒಂದು ವರ್ಷ ಜುಲೈವರೆಗೆ ಸಂಬಳ ಬಂದಿರಲಿಲ್ಲ.

ಏಳೂವರೆ ಟನ್ನಿನ ಲೆಕ್ಕದಿಂದ ನಮ್ಮ ಪುರಸಭೆ ಎರಡು ಆಟೋ ಕಮ್ಮಿ ಕೊಂಡಿತು. ಒಂದಕ್ಕೆ ಐದಾರು ಲಕ್ಷ. ಇದನ್ನು ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ. ಕೇಳಿ ಕೇಳಿ ಎಲ್ಲರಿಗೂ ಸಾಕಾಗಿದೆ, ಆದರೂ ಹೇಳುತ್ತೇನೆ.

ಮಾವ ಹೋದ ತಿಂಗಳು ಬಂದಿದ್ದರು. ಅವರ ಮಗ ಬಿ.ಎಸ್ಸಿ. ಕೊನೆಯ ವರ್ಷ. "ಅವನಿಗೂ ನಿಮ್ಮಲ್ಲಿ ಏನಾದ್ರೂ ನೋಡು" ಅಂದರು. ಮೂರು ತಿಂಗಳ ಮಾತು ನಾನು ಎತ್ತಲಿಲ್ಲ, ಅಪ್ಪ ಎತ್ತಿದರು. ಹುಡುಗನಿಗೆ ತಕ್ಕಡಿ ಕೊಟ್ಟಿದ್ದೇನೆ. ಅವರ ಊರಿನ ಗ್ರಾಮ ಪಂಚಾಯಿತಿಯಲ್ಲಿ ತೂಗಲು ಶುರು ಮಾಡಿದ್ದಾನೆ. ಮೊನ್ನೆ ಫೋನ್ ಮಾಡಿ "ಅಕ್ಕಾ, ಏಳು ದಿನ ಮುಗೀತು, ತಕ್ಕಡಿ ವಾಪಸ್ ತರ್ಲಾ?" ಅಂದ. ಸಂತೆ ಯಾವತ್ತು ಅಂತ ಕೇಳಿದೆ. ನಾಳೆ ಅಂದ. ಹಾಗಾದರೆ ತಕ್ಕಡಿ ಅಲ್ಲೇ ಇರಲಿ ಅಂದೆ.